ನೀರು ನಂದು, ಪುಡಿ ನಂದು, ತಪ್ಪೂ ನಂದೇ!

ಇವತ್ತಿಗೆ 23 ದಿನ. ಅಡುಗೆಮನೆ ಕಟ್ಟೆಯ ಮೇಲೆ ಒಂದು ಚೌಕದಷ್ಟು ಜಾಗ ಖಾಲಿ ಬಿದ್ದಿದೆ. ಅಲ್ಲಿ ಇರಬೇಕಾದ 46 ಸಾವಿರದ, ಬಿಸಿ ನೀರನ್ನು ಒತ್ತಡದಲ್ಲಿ ಪುಡಿಯೊಳಗೆ ನುಗ್ಗಿಸಿ ಗಟ್ಟಿ ಕಾಫಿ ಇಳಿಸುವ ಎಸ್‌ಪ್ರೆಸೊ ಮೆಷಿನ್ ಬೆಂಗಳೂರಿನ ಯಾವುದೋ ಗೋಡೌನಿನಲ್ಲಿ ಕೂತಿದೆ. ಫೋನ್ ಮಾಡಿದರೆ "ಪಾರ್ಟ್ ಬರಬೇಕು ಸಾರ್" ಅನ್ನುತ್ತಾರೆ. ಮೈಸೂರಲ್ಲಿ ಇದನ್ನು ಬಿಚ್ಚುವವರು ಯಾರೂ ಇಲ್ಲವಂತೆ. ಹೊಸ ಹೈವೇ ಆದ ಮೇಲೆ ನಾವೆಲ್ಲ ಒಂದೂವರೆ ಗಂಟೆಯಲ್ಲಿ ಬೆಂಗಳೂರು ಮುಟ್ಟುತ್ತೇವೆ. ನನ್ನ ಮೆಷಿನ್ ಮುಟ್ಟಲು ಒಂಬತ್ತು ದಿನ ಬೇಕಾಯಿತು. ತಲೆ ಮೇಲೆ ಹೊತ್ತುಕೊಂಡು ನಡೆದು ಹೋಗಿದ್ದರೂ ಬೇಗ ತಲುಪಿಸುತ್ತಿದ್ದೆ.

ಸರಸ್ವತಿಪುರಂನ ಬಾಡಿಗೆ ಮನೆಯಲ್ಲಿ ನನ್ನ ಹತ್ತಿರ ಏಳು ಸಾವಿರದ ಪುಟ್ಟ ಮೆಷಿನ್ ಇತ್ತು. ಯಾವ ಪುಡಿ ಹಾಕಿದರೂ ಮೇಲೆ ಒಂದಿಷ್ಟು ನೊರೆ ಬರುತ್ತಿತ್ತು. ಐದು ವರ್ಷ ಕೈ ಕೊಡಲಿಲ್ಲ. ಹೋದ ವರ್ಷ ರಿಂಗ್ ರೋಡ್ ಆಚೆ, ಬೋಗಾದಿ ಕಡೆ, ಸ್ವಂತ ಮನೆಗೆ ಬಂದೆವು. ಹೊಸ ಮನೆಗೊಂದು ಒಳ್ಳೆ ಮೆಷಿನ್ ಇರಲಿ ಅಂತ ಆಸೆಪಟ್ಟೆ. ನಾನು ಮಾಡಿದ ಪಾಪ ಇಷ್ಟೇ.

ಅಂಗಡಿಯವನು "15 ಬಾರ್ ಪ್ರೆಶರ್ ಸಾರ್, ಹೋಟೆಲ್ ಮೆಷಿನ್‌ಗೂ ಇಷ್ಟಿರಲ್ಲ" ಅಂದ. ನಾನೂ ತಲೆ ಆಡಿಸಿದೆ. ಎಸ್‌ಪ್ರೆಸೊಗೆ ಬೇಕಾಗಿರುವುದು ಸುಮಾರು 9 ಬಾರ್. 15 ಅನ್ನುವುದು ಪಂಪ್ ಎಷ್ಟು ತಳ್ಳಬಲ್ಲದು ಅನ್ನುವ ಲೆಕ್ಕ. ಸ್ಕೂಟರ್ ಮೀಟರಿನಲ್ಲಿ 120 ಬರೆದಿದೆ ಅಂತ ಇರ್ವಿನ್ ರೋಡಿನಲ್ಲಿ ಯಾರಾದರೂ 120ರಲ್ಲಿ ಹೋಗುತ್ತಾರಾ?

ಮೊದಲ ದಿನ ಹಳೇ ಪುಡಿಯನ್ನೇ ಹಾಕಿ ಗುಂಡಿ ಒತ್ತಿದೆ. ಆರೇ ಸೆಕೆಂಡಿಗೆ ಲೋಟದ ತುಂಬ ಕಂದು ನೀರು. ಅಂಗಡಿಗೆ ಫೋನ್ ಮಾಡಿದರೆ "ನಿಮ್ಮ ಪುಡಿ ಸರಿ ಇಲ್ಲ ಸಾರ್." ಆಮೇಲೆ ಗೊತ್ತಾಯಿತು. ಹಳೇ ಮೆಷಿನ್ನಿನ ಜರಡಿ ಬಟ್ಟಲಿಗೆ ಎರಡು ತಳ ಇತ್ತು, ಕೆಳಗಿನದಕ್ಕೆ ಸೂಜಿಯಷ್ಟು ಒಂದೇ ತೂತು. ಒತ್ತಡವನ್ನೂ ನೊರೆಯನ್ನೂ ಮಾಡುತ್ತಿದ್ದದ್ದು ಆ ತೂತು, ಪುಡಿ ಅಲ್ಲ. ಹೊಸದಕ್ಕೆ ಒಂದೇ ತಳ. ಇಲ್ಲಿ ನೀರನ್ನು ತಡೆಯಬೇಕಾದದ್ದು ಪುಡಿಯೇ. ಫಿಲ್ಟರ್ ಪುಡಿ ಅದಕ್ಕೆ ತರಿ ಜಾಸ್ತಿ. ಮಿಕ್ಸಿಯಲ್ಲಿ ಮಾಡಿದರೆ ಅರ್ಧ ಹಿಟ್ಟು, ಅರ್ಧ ರವೆ. ಎಸ್‌ಪ್ರೆಸೊ ಗ್ರೈಂಡರ್ ಬೇಕೇ ಬೇಕು. 18 ಸಾವಿರ. ಇದನ್ನು ದುಡ್ಡು ಎಣಿಸಿಕೊಳ್ಳುವ ಮೊದಲು ಹೇಳಬೇಕಿತ್ತು ಅಲ್ವಾ? ಬರೀ ಒಲೆ ಮಾರಿ, ಗ್ಯಾಸ್ ವಿಷಯ ಎರಡು ದಿನ ಬಿಟ್ಟು ಹೇಳಿದ ಹಾಗೆ.

ಇನ್ನು ಬೀಜ. ಮಾಮೂಲಿ ಕಾಫಿಪುಡಿ ಅಂಗಡಿಯವರು ನನ್ನನ್ನು ಅನುಮಾನದಿಂದ ನೋಡಿದರು. "ಬೀಜ ತಗೊಂಡು ಏನು ಮಾಡ್ತೀರಾ ಸಾರ್? ಪುಡಿ ಮಾಡಿಕೊಡ್ತೀನಿ. ಚಿಕೋರಿ ಎಷ್ಟು ಹಾಕಲಿ?" ಹುರಿದದ್ದು ಯಾವಾಗ ಅಂತ ಕೇಳಿದರೆ "ಮೊನ್ನೆ." ಯಾವತ್ತು ಹೋದರೂ ಮೊನ್ನೆಯೇ. ಪಾಪ, ಅವರ ಮೇಲೆ ನನಗೆ ಸಿಟ್ಟಿಲ್ಲ. ಮೈಸೂರು ನಗೆಟ್ಸ್ ಅಂತ ನಮ್ಮೂರಿನ ಹೆಸರಿಟ್ಟುಕೊಂಡ ಅರೇಬಿಕಾ ಬೀಜ ದೇಶ ದೇಶಕ್ಕೆ ಹೋಗುತ್ತದೆ. ನಾನು ಮಾತ್ರ ಚಿಕ್ಕಮಗಳೂರಿನಿಂದ ಕೊರಿಯರ್‌ನಲ್ಲಿ ತರಿಸುತ್ತೇನೆ.

ನಿಜ ಹೇಳಬೇಕೆಂದರೆ ನಡುವೆ ಎರಡು ತಿಂಗಳು ಸುಖವಾಗಿದ್ದೆ. 18 ಗ್ರಾಂ ಪುಡಿ ಹಾಕಿದರೆ 28 ಸೆಕೆಂಡಿಗೆ 36 ಗ್ರಾಂ ಕಾಫಿ. ಜೇನು ಇಳಿದ ಹಾಗೆ ಇಳಿಯುತ್ತಿತ್ತು. ಆ ಅಳತೆಗೆ ಗ್ರೈಂಡರ್ ಕೂರಿಸಲು ಎರಡು ವಾರ, ಒಂದು ಕಿಲೋ ಬೀಜ ಹೋಗಿತ್ತು.

ಆಮೇಲೆ ಸಂಜೆ ಹೊತ್ತು ಹಾಲಿಗೆ ನೊರೆ ಬರಿಸುವ ಸ್ಟೀಮ್ ಬರುವುದು ನಿಂತಿತು. "ನಿಮ್ಮ ಕರೆಂಟ್ ಸರಿ ಇಲ್ಲ ಸಾರ್." ಇದು ಮಾತ್ರ ನಿಜವೇ. ನಮ್ಮ ಬಡಾವಣೆಯಲ್ಲಿ ಏಳು ಗಂಟೆಗೆ ವೋಲ್ಟೇಜ್ 180ಕ್ಕೆ ಇಳಿಯುತ್ತದೆ. 230ಕ್ಕೆ 1300 ವ್ಯಾಟ್ ಕೊಡುವ ಹೀಟರ್ 180ರಲ್ಲಿ 800 ಕೊಟ್ಟರೆ ಹೆಚ್ಚು. ಸ್ಟೆಬಿಲೈಜರ್ ತಂದೆ. ಹೆಂಡತಿ "ರೀ, ಇನ್ನೂ ಎಷ್ಟು ಬಾಕಿ ಇದೆ?" ಅಂದಳು. ಇದೇ ಕೊನೆ ಅಂದೆ.

ಈಗ ಬಂತು ನೋಡಿ, ನೀರಿನ ವಿಷಯ. ಸರಸ್ವತಿಪುರಂನಲ್ಲಿ ಕಾವೇರಿ ನೀರು. ಇಲ್ಲಿ ಬೋರ್‌ವೆಲ್. ನಲ್ಲಿ, ಬಕೆಟ್, ಗೀಸರ್ ಎಲ್ಲದರ ಮೇಲೂ ಬಿಳಿ ಪೊರೆ. ಅದಕ್ಕೇ ಮೆಷಿನ್ ತಗೊಳ್ಳುವಾಗಲೇ ಅಂಗಡಿಯವನನ್ನು "ಆರ್‌ಓ ನೀರು ಹಾಕಲಾ?" ಅಂತ ಕೇಳಿದ್ದೆ. "ಬೇಡವೇ ಬೇಡ ಸಾರ್, ಉಪ್ಪಿನಂಶ ಇಲ್ಲದ ನೀರು ಬಾಯ್ಲರನ್ನೇ ತಿನ್ನುತ್ತೆ, ಮಾಮೂಲಿ ನೀರು ಹಾಕಿ" ಅಂದಿದ್ದ. ಹಾಕಿದೆ. ಎಂಟನೇ ತಿಂಗಳಿಗೆ ನೀರು ತೊಟ್ಟಿಕ್ಕತೊಡಗಿತು, ಆಮೇಲೆ ಅದೂ ಇಲ್ಲ. ಕಳಿಸಿದೆ. ಬೆಂಗಳೂರಿನಿಂದ ಉತ್ತರ ಬಂತು: "ಒಳಗೆಲ್ಲ ಸುಣ್ಣ ಕಟ್ಟಿದೆ. ಆರ್‌ಓ ನೀರು ಹಾಕಬೇಕಿತ್ತು. ಇದು ವಾರಂಟಿಗೆ ಬರಲ್ಲ. 6,800 ರೂಪಾಯಿ."

ಅಲ್ಲ ಸ್ವಾಮಿ, ನಿಮ್ಮವನೇ ಬೇಡ ಅಂದ, ನೀವೇ ಬೇಕು ಅಂತೀರಿ. ನಾನು ಯಾರ ಮಾತು ಕೇಳಲಿ? ಜಗಳ ಆಡಿದ ಮೇಲೆ ಅಲ್ಲೇ ಇದ್ದ ಇನ್ನೊಬ್ಬ ಹುಡುಗ ಮೆಲ್ಲಗೆ ಹೇಳಿದ. ಬೋರ್ ನೀರು, ಆರ್‌ಓ ನೀರು ಎರಡನ್ನೂ ಬೆರೆಸಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣದ ಅಳತೆ, 150ರ ಸುತ್ತ ಇಟ್ಟುಕೊಳ್ಳಬೇಕಂತೆ. ಎರಡು ತಿಂಗಳಿಗೊಮ್ಮೆ ಸಿಟ್ರಿಕ್ ಆಸಿಡ್ ಬೆರೆಸಿದ ನೀರು ಬಿಟ್ಟು ತೊಳೆಯಬೇಕಂತೆ. ಸಿಟ್ರಿಕ್ ಆಸಿಡ್ ಅಂದರೆ ನಿಂಬೆ ಉಪ್ಪು! ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು! ಈ ಒಂದು ಮಾತು ಮೊದಲ ದಿನ ಯಾರಾದರೂ ಹೇಳಿದ್ದರೆ 6,800 ಉಳಿಯುತ್ತಿತ್ತು. ಆಯಿತು, ದುಡ್ಡು ಕೊಡುತ್ತೇನೆ, ರಿಪೇರಿ ಮಾಡಿ ಅಂದರೆ ಅದಕ್ಕೂ ಪಾರ್ಟ್ ಇಲ್ಲ.

ಈಗ ಕಟ್ಟೆಯ ಮೇಲೆ ಗ್ರೈಂಡರ್ ಒಂದೇ ನಿಂತಿದೆ. ಅಮ್ಮನ ಫಿಲ್ಟರಿಗೆ ತರಿಯಾಗಿ ಬೀಸಬಹುದು. ಆದರೆ ಎರಡು ವಾರ ಒದ್ದಾಡಿ ಕೂರಿಸಿದ ಅಳತೆ, ಕದಲಿಸಲು ಮನಸ್ಸು ಬರುವುದಿಲ್ಲ. ಅಮ್ಮ ಮೊದಲ ವಾರವೇ ಕೇಳಿದ್ದರು, "ಸುಮ್ನೆ ನಿಂತಿದೆಯಲ್ಲೋ, ಅದರಲ್ಲಿ ಸಾರಿನ ಪುಡಿ ಆಗುತ್ತಾ?" ಅಂತ. ಆವತ್ತು ಕೂಗಾಡಿಬಿಟ್ಟೆ. ಇವತ್ತು ಬೆಳಿಗ್ಗೆ ಮತ್ತೆ ಕೇಳಿದರು. ಧನಿಯಾ, ಮೆಣಸಿನಕಾಯಿ ಹುರಿದು ಮೊರದಲ್ಲಿ ಆರಲು ಹಾಕಿದ್ದಾರೆ. ನಾನು ಏನೂ ಹೇಳಲಿಲ್ಲ.