ಗ್ಲುಟನ್ ಹಾಕಿದರೆ ನೀರೂ ಜಾಸ್ತಿ ಬೇಕು

ಗೋಧಿ ಹಿಟ್ಟಿನ ಬ್ರೆಡ್ ಮೆತ್ತಗಾಗಲು ಗ್ಲುಟನ್ (ಹಿಟ್ಟು ಹರಿಯದೆ ಎಳೆಯುವಂತೆ ಮಾಡುವ ಗೋಧಿಯ ಪ್ರೋಟೀನ್) ಪುಡಿ ಸೇರಿಸಿ ಎಂದಿದ್ದೀರಿ. ತುಂಬಾ ಒಳ್ಳೆಯ ಸಲಹೆ. ನಮ್ಮ ಚಪಾತಿ ಹಿಟ್ಟಿನಲ್ಲಿ ಪ್ರೋಟೀನ್ ಕಡಿಮೆ ಏನಿಲ್ಲ. ಆದರೆ ಅದರಲ್ಲಿರುವ ಹೊಟ್ಟು ಗ್ಲುಟನ್ ಎಳೆಗಳನ್ನು ಕತ್ತರಿಸುತ್ತದೆ, ಬ್ರೆಡ್ ಇಟ್ಟಿಗೆ ಥರ ಆಗೋದು ಅದಕ್ಕೇ ಅಲ್ವಾ?

ನಾನು 500 ಗ್ರಾಂ ಹಿಟ್ಟಿಗೆ 20 ಗ್ರಾಂ ಗ್ಲುಟನ್ ಹಾಕುತ್ತೇನೆ. ಒಣ ಹಿಟ್ಟಿನಲ್ಲೇ ಬೆರೆಸಬೇಕು. ಮೊದಲ ಸಲ ನೇರವಾಗಿ ನೀರಿಗೆ ಸುರಿದಿದ್ದೆ, ರಬ್ಬರಿನಂಥ ಗಂಟುಗಳಾಗಿ ಎಷ್ಟು ನಾದಿದರೂ ಕರಗಲಿಲ್ಲ. ನೀರು ಎರಡು ಚಮಚ ಜಾಸ್ತಿ ಹಿಡಿಯುತ್ತದೆ. ಕಲಸಿ ಅರ್ಧ ಗಂಟೆ ಸುಮ್ನೆ ಮುಚ್ಚಿಡಿ, ಆಮೇಲೆ ನಾದಿ. ಚೂರು ಹಿಟ್ಟನ್ನು ಬೆರಳಲ್ಲಿ ಎಳೆದರೆ ಹರಿಯದೆ, ಬೆಳಕು ಕಾಣುವಷ್ಟು ತೆಳ್ಳಗಾಗಬೇಕು. ಗ್ಲುಟನ್ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಇರುವವರಿಗೆ ಮಾತ್ರ ದಯವಿಟ್ಟು ಈ ಬ್ರೆಡ್ ಕೊಡಬೇಡಿ.