ಆಮ್ಲಜನಕದಲ್ಲಿ ಆಮ್ಲ ಎಲ್ಲಿದೆ ಅಂತ ಕೇಳಿದ ಹುಡುಗ

ನಿನ್ನೆ ಸಂಜೆಯಿಂದ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪಕ್ಕದ ಮನೆಯ ಎಂಟನೇ ಕ್ಲಾಸಿನ ಹುಡುಗ ಮುಖ ಸಪ್ಪೆ ಮಾಡಿಕೊಂಡು ಬಂದ. "ಮಿಸ್, ಆಮ್ಲಜನಕ ಅಂದ್ರೆ ಆಮ್ಲ ಹುಟ್ಟಿಸೋದು ಅಂತ ತಾನೇ? ಹಾಗಾದ್ರೆ ನಾವು ಉಸಿರಾಡೋದು ಆಸಿಡ್ಡಾ?" ಟ್ಯೂಷನ್‌ನಲ್ಲಿ ಇದನ್ನೇ ಕೇಳಿದನಂತೆ. "ಅದೆಲ್ಲ ಪರೀಕ್ಷೆಗೆ ಬರಲ್ಲ, ಸುಮ್ನೆ ಬಾಯಿಪಾಠ ಮಾಡು" ಅಂದರಂತೆ. ಉಳಿದ ಮಕ್ಕಳು ನಕ್ಕರಂತೆ.

ನಗುವ ಪ್ರಶ್ನೆಯೇ ಅದು? ಯುರೋಪಿನ ಘಟಾನುಘಟಿಗಳು ಮೂವತ್ತು ವರ್ಷ ಎಡವಿದ ಜಾಗಕ್ಕೇ ಆ ಹುಡುಗ ನೇರ ಬೆರಳಿಟ್ಟಿದ್ದಾನೆ.

1774ರ ಆಗಸ್ಟ್ 1ರಂದು ಇಂಗ್ಲೆಂಡಿನಲ್ಲಿ ಪ್ರೀಸ್ಟ್ಲಿ ಅನ್ನುವ ವಿಜ್ಞಾನಿ ಪಾದರಸದ ಕೆಂಪು ಭಸ್ಮಕ್ಕೆ ದೊಡ್ಡ ಭೂತಗನ್ನಡಿಯಿಂದ ಬಿಸಿಲು ಹಾಯಿಸಿದ. ಹೊರಬಂದ ಗಾಳಿಯಲ್ಲಿ ಮೇಣದಬತ್ತಿ ಧಗ್ಗನೆ ಉರಿಯಿತು. ಅದೇ ಈ ಆಮ್ಲಜನಕ. ಸ್ವೀಡನ್ನಿನ ಷೀಲೆಗೆ ಅದು ಇನ್ನೂ ಮೊದಲೇ ಸಿಕ್ಕಿತ್ತು, ಅವನು ಅದನ್ನು 'ಬೆಂಕಿಗಾಳಿ' ಅಂತ ಕರೆದಿದ್ದ. ಆದರೆ ನಿಂತದ್ದು ಪ್ಯಾರಿಸ್‌ನ ಲವಾಸಿಯೇ ಅನ್ನುವ ವಿಜ್ಞಾನಿ ಇಟ್ಟ ಹೆಸರು. ಅವನು ಗಂಧಕ ಸುಟ್ಟ, ರಂಜಕ ಸುಟ್ಟ, ಇದ್ದಿಲು ಸುಟ್ಟ. ಬಂದದ್ದನ್ನು ನೀರಿಗೆ ಸೇರಿಸಿದರೆ ಪ್ರತಿ ಸಲವೂ ಆಮ್ಲ. ಅಂದಮೇಲೆ ಎಲ್ಲ ಆಮ್ಲಗಳ ತಾಯಿಬೇರು ಈ ಗಾಳಿಯೇ ಅಂದುಕೊಂಡ. ಗ್ರೀಕಿನಲ್ಲಿ 'ಆಕ್ಸಿಸ್' ಅಂದರೆ ಹರಿತ, ಹುಳಿ. ಹುಟ್ಟಿಸುವುದಕ್ಕೆ 'ಗೆನ್'. ಎರಡೂ ಸೇರಿ ಆಕ್ಸಿಜನ್. ಈ ಗ್ರೀಕ್ 'ಗೆನ್' ಮತ್ತು ಸಂಸ್ಕೃತದ 'ಜನ್' ಒಂದೇ ಬೇರಿನವು. ನಮ್ಮ ಆಮ್ಲಜನಕದ 'ಜನಕ' ಆಕ್ಸಿಜನ್ನಿನ ಬಾಲಕ್ಕೆ ದಾಯಾದಿ! ಇದನ್ನು ಹೇಳುವಾಗ ಇವತ್ತಿಗೂ ನನಗೆ ಮೈ ಜುಮ್ಮೆನ್ನುತ್ತದೆ.

ಜರ್ಮನರು ಅದನ್ನು ತಮ್ಮ ಮಾತಿಗೆ ತಂದುಕೊಂಡು 'ಜೌವರ್‌ಷ್ಟೋಫ್' ಅಂದರು, ಹುಳಿವಸ್ತು ಅಂತ. ರಷ್ಯನ್ನರ 'ಕಿಸ್ಲರೋದ್' ಅಂತೂ ಅಕ್ಷರಶಃ ಆಮ್ಲಜನಕವೇ. ಫಿನ್‌ಲೆಂಡಿನವರ 'ಹಪ್ಪಿ'ಯಲ್ಲೂ ಹುಳಿಯೇ. ಡೆನ್ಮಾರ್ಕಿನ ಅರ್ಸ್ಟೆಡ್ ಮಾತ್ರ ಹುಳಿಯ ತಂಟೆಗೆ ಹೋಗದೆ, ಬೆಂಕಿ ಅನ್ನುವ ತಮ್ಮ ಪದದಿಂದಲೇ 'ಇಲ್ಟ್' ಮಾಡಿಕೊಟ್ಟ. ಪೋಲೆಂಡಿನವರ 'ತ್ಲೆನ್' ಬಂದದ್ದು ಒಳಗೊಳಗೇ ಕನಲುವ ಕೆಂಡದ ಪದದಿಂದ.

ಲವಾಸಿಯೇ ತಪ್ಪಿದ್ದ. ಉಪ್ಪಿನಿಂದ ಬರುವ ಆಮ್ಲ ಇದೆಯಲ್ಲ, ಲ್ಯಾಬಿನಲ್ಲಿ ಮೂಗಿಗೆ ಅಡರುವ ಹೈಡ್ರೋಕ್ಲೋರಿಕ್ ಆಸಿಡ್ (ಎಚ್‌ಸಿಎಲ್), ಅದರಲ್ಲೂ ಆಕ್ಸಿಜನ್ ಅಡಗಿರಲೇಬೇಕು ಅಂತ ಅವನ ಕಡೆಯವರು ಹಟ ಹಿಡಿದರು. ಆ ಆಮ್ಲದಿಂದ ಬರುವ ಹಸಿರು ಅನಿಲದಲ್ಲಿ ಎಷ್ಟು ಹುಡುಕಿದರೂ ಆಕ್ಸಿಜನ್ ಇಲ್ಲ, ಅದೇ ಒಂದು ಮೂಲವಸ್ತು ಅಂತ 1810ರಲ್ಲಿ ಹಂಫ್ರಿ ಡೇವಿ ಹೇಳಿ, ಬಣ್ಣ ನೋಡಿ ಕ್ಲೋರಿನ್ ಅಂತ ಹೆಸರಿಟ್ಟ. ಆ ಆಮ್ಲದಲ್ಲಿ ಇರುವುದು ಕ್ಲೋರಿನ್ ಮತ್ತು ಜಲಜನಕ, ಅಷ್ಟೇ. ಹುಳಿಯ ಗುಟ್ಟು ಇದ್ದದ್ದು ಜಲಜನಕದಲ್ಲಿ. ಲವಾಸಿಯೇಗೆ ಇದು ತಿಳಿಯಲೇ ಇಲ್ಲ, 1794ರಲ್ಲೇ ಗಿಲೊಟಿನ್‌ಗೆ ತಲೆ ಕೊಟ್ಟಿದ್ದ. ಅಷ್ಟು ಹೊತ್ತಿಗೆ ಹೆಸರು ಊರೂರು ಸೇರಿಬಿಟ್ಟಿತ್ತು.

ಇಷ್ಟನ್ನು ಹೇಳಲು ನನಗೆ ಹಿಡಿದದ್ದು ಹತ್ತು ನಿಮಿಷ. "ಪೋರ್ಷನ್ ಮುಗಿಸಬೇಕಲ್ಲ ಮೇಡಂ, ಟೈಮೆಲ್ಲಿದೆ?" ಅನ್ನುತ್ತೀರಿ, ಗೊತ್ತು. ಇಪ್ಪತ್ತಾರು ವರ್ಷ ಪಾಠ ಮಾಡಿದವಳು ನಾನು, ಮಾರ್ಚಿಯ ಒತ್ತಡ ನನಗೂ ಗೊತ್ತು. ಅದೇ ಉತ್ತರವನ್ನು ಐದು ಸಲ ಬರೆಸಲು ಟೈಮಿದೆ, ಇದಕ್ಕಿಲ್ಲವೇ? ಹೆಸರೇ ತಪ್ಪಾದರೆ 'ಪ್ರಾಣವಾಯು' ಅಂತಲೇ ಕಲಿಸಿ ಅಂತ ಇನ್ನೊಬ್ಬರು ಹೇಳಿದರು. ಬೇಡ. ಆಗ ಆ ಮಗುವಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಸಿಟ್ಟು ಬರೀ ಆ ಟ್ಯೂಷನ್ನಿನವರ ಮೇಲಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಎಚ್‌ಸಿಎಲ್‌ನಲ್ಲಿ ಆಮ್ಲಜನಕವೇ ಇಲ್ವಲ್ಲ, ಅದು ಹೇಗೆ ಆಮ್ಲ?" ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ. "ಅದೊಂದು ಎಕ್ಸೆಪ್ಷನ್, ಕೂತ್ಕೋ" ಅಂದೆ. ಕೂತಳು. ಆ ವರ್ಷವಿಡೀ ಅವಳು ಮತ್ತೆ ಏಳಲಿಲ್ಲ. ಡೇವಿ ಕೇಳಿದ ಪ್ರಶ್ನೆಯನ್ನೇ ಅವಳು ಕೇಳಿದ್ದಳು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಅವಳ ಮುಖ ಇನ್ನೂ ಕಣ್ಣ ಮುಂದಿದೆ.

ಪಕ್ಕದ ಮನೆಯ ಹುಡುಗ ಎಲ್ಲ ಕೇಳಿಸಿಕೊಂಡು ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಿಂದ 'ಕಿಸ್ಲರೋದ್' ಅಂತ ಬರೆದುಕೊಂಡ. ಆಮೇಲೆ ಕೇಳಿದ: "ಮಿಸ್, ಪೋಲೆಂಡಿನವರಿಗೆ ಅದು ಹುಳಿ ಅಲ್ಲ ಅಂತ ಮೊದಲೇ ಗೊತ್ತಿತ್ತಾ?"

ಒಂಬತ್ತು ಗಂಟೆಗೆ ಅವರಮ್ಮ ಊಟಕ್ಕೆ ಕರೆಯುವವರೆಗೂ ಎದ್ದು ಹೋಗಲಿಲ್ಲ.