ಹೆಬ್ಬೆಟ್ಟು ಹೊಂದದಿದ್ದರೆ ಮನುಷ್ಯರೇ ಸುಳ್ಳೇ?

ಕಳೆದ ನವೆಂಬರಿನಲ್ಲಿ ಕುಟುಂಬ ಪಿಂಚಣಿಯ ಜೀವಿತ ಪ್ರಮಾಣಪತ್ರ ಕೊಡಿಸಲು ಅಮ್ಮನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ನಲವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದ ಕೈ ಅವಳದು. ಚೊಗರು ಹಿಡಿದು ಕಪ್ಪಾದ ಬೆರಳ ತುದಿಗಳಲ್ಲಿ ಗೆರೆಗಳೇ ಸವೆದುಹೋಗಿವೆ. ಗುಮಾಸ್ತರು ಯಂತ್ರದ ಗಾಜನ್ನು ಕರವಸ್ತ್ರದಿಂದ ಒರೆಸಿದರು, “ಸ್ವಲ್ಪ ಗಟ್ಟಿಯಾಗಿ ಒತ್ತಿ ಅಮ್ಮಾ” ಎಂದರು, ಹತ್ತೂ ಬೆರಳುಗಳನ್ನು ಸರದಿಯಂತೆ ಇಡಿಸಿದರು. ಒಂದೂ ಹೊಂದಲಿಲ್ಲ. ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಹೊಸದಾಗಿ ಕೊಟ್ಟು ಬರಬೇಕೆಂದರು. ಅಮ್ಮ ಹೋದಾಗಲೆಲ್ಲ ಮೊಮ್ಮಕ್ಕಳ ಓದಿನ ಬಗ್ಗೆ ವಿಚಾರಿಸುವವರೂ ಇವರೇ.

ಬೆರಳಚ್ಚಿಗೂ ಪಿಂಚಣಿಗೂ ಇರುವ ನಂಟು ಹಳೆಯದು. 1877ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಮ್ಯಾಜಿಸ್ಟ್ರೇಟನಾಗಿದ್ದ ವಿಲಿಯಂ ಹರ್ಷೆಲ್, ಸತ್ತವರ ಹೆಸರಿನಲ್ಲಿ ಬೇರೆಯವರು ಪಿಂಚಣಿ ಪಡೆಯದಂತೆ ತಡೆಯಲು ಪಿಂಚಣಿದಾರರ ಬೆರಳಚ್ಚು ತೆಗೆದುಕೊಳ್ಳತೊಡಗಿದ. ಅವನ ಕಾಲದಲ್ಲಿ ಎರಡು ಅಚ್ಚುಗಳನ್ನು ಹೋಲಿಸಿ ತೀರ್ಮಾನಿಸುತ್ತಿದ್ದದ್ದು ಮನುಷ್ಯರ ಕಣ್ಣು. ಅನುಮಾನ ಬಂದರೆ ಎದುರಿಗಿರುವವರನ್ನು ಪ್ರಶ್ನಿಸಬಹುದಿತ್ತು. ಇಂದು ಆಧಾರ್ ವ್ಯವಸ್ಥೆಯಿಂದ ಕೌಂಟರಿಗೆ ಬರುವುದು ಹೌದು ಅಥವಾ ಇಲ್ಲ ಎಂಬ ಉತ್ತರವಷ್ಟೇ. ಈ ‘ಇಲ್ಲ’ದ ಅರ್ಥ ಈ ಸಲ ಇಟ್ಟ ಬೆರಳು ದಾಖಲೆಯಲ್ಲಿರುವ ಅಚ್ಚಿಗೆ ಹೊಂದಲಿಲ್ಲ ಎಂದೇ ಹೊರತು, ಬೆರಳಿಟ್ಟವಳು ಬೇರೆ ಯಾರೋ ಎಂದಲ್ಲ. ಕೌಂಟರಿನಲ್ಲಿ ಮಾತ್ರ ಈ ಎರಡೂ ಒಂದೇ ಆಗಿಬಿಡುತ್ತವೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ಆಧಾರ್ ಕುರಿತು ತೀರ್ಪಿತ್ತಾಗ ನಾವೆಲ್ಲ ಖಾಸಗಿತನದ ಬಗ್ಗೆ ಬಹಳ ಮಾತಾಡಿದೆವು, ಮಾತಾಡಬೇಕಾದದ್ದೇ. ಆದರೆ ಗುರುತು ಸಾಬೀತಾಗದೆ ಬರಿಗೈಯಲ್ಲಿ ಮನೆಗೆ ಹಿಂದಿರುಗುವವರ ವಿಷಯ ಅಷ್ಟು ದೂರ ಹೋಗಲಿಲ್ಲ. ನ್ಯಾಯಬೆಲೆ ಅಂಗಡಿಯ ಮುಂದೆ ಬೆಳಿಗ್ಗೆಯಿಂದ ಕುಳಿತಿರುವ ಮುದುಕರಿಗೆ ಖಾಸಗಿತನಕ್ಕಿಂತ ಮೊದಲು ಅಕ್ಕಿ ಬೇಕು.

ಗುಮಾಸ್ತರನ್ನು ನಾನು ದೂರುವುದಿಲ್ಲ. ಯಂತ್ರ ಒಲ್ಲೆನೆಂದದ್ದನ್ನು ತಾನು ಒಪ್ಪಿ ಸಹಿ ಹಾಕಿದರೆ ನಾಳೆ ಆಡಿಟ್‌ನಲ್ಲಿ ಉತ್ತರ ಹೇಳಬೇಕಾದವರು ಅವರೇ. ಕಾಗದದ ನಮೂನೆ ತುಂಬಿ, ಅಧಿಕಾರಿಯ ಎದುರು ಸಹಿ ಹಾಕಿ ಕೊಡುವ ದಾರಿ ಇನ್ನೂ ಇದೆ. 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿ ಪ್ರಮಾಣಪತ್ರ ಪಡೆಯುವ ವ್ಯವಸ್ಥೆಯೂ ಬಂದಿದೆ. ಬೆರಳು ಹೊಂದದಿದ್ದಾಗ ಇವನ್ನು ಕೌಂಟರಿನವರೇ ಮುಂದಾಗಿ ಹೇಳಬೇಕು, ಹಾಗೆ ಮಾಡಿದ್ದಕ್ಕೆ ಅವರ ಮೇಲೆ ತಪ್ಪು ಹೊರಿಸಬಾರದು.

ನಮ್ಮ ವಿಷಯದಲ್ಲಿ ಆ ನಮೂನೆಯನ್ನು ನಾನೇ ಕೇಳಿ ಪಡೆಯಬೇಕಾಯಿತು. ಮ್ಯಾನೇಜರರು ಪಾಸ್‌ಬುಕ್ಕಿನ ಫೋಟೊವನ್ನೂ ಅಮ್ಮನ ಮುಖವನ್ನೂ ಒಮ್ಮೆ ನೋಡಿ, ಎರಡು ನಿಮಿಷದಲ್ಲಿ ಸಹಿ ಹಾಕಿ ಮೊಹರೊತ್ತಿದರು.